ಪ್ರತ್ಯಕ್ಷನ ಬಾತು, ಮಾಮ್ಲೇದಾರನ ಮಿಸಳ್

ಠಾಣೆ ನಿಲ್ದಾಣದ ಪಶ್ಚಿಮಕ್ಕಿಳಿದು ತಹಸೀಲ್ದಾರ ಕಚೇರಿಯ ಕಡೆ ನಡೆದರೆ, ಕಚೇರಿಯ ಬಾಗಿಲಿಗಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಮಗ್ಗುಲ ಪುಟ್ಟ ಉಪಾಹಾರ ಗೃಹದ ಮುಂದೆ ನಿಂತ ಜನ. ಅಲ್ಲಿ ಹೆಸರಾದದ್ದು ಒಂದೇ ತಿನಿಸು. ಬಟ್ಟಲಲ್ಲಿ ಕಾಳಿನ ಉಸಳ್, ಅದರ ಮೇಲೆ ಫರಸಾಣ, ಹೆಚ್ಚಿದ ಈರುಳ್ಳಿ, ಎಲ್ಲದರ ಮೇಲೆ ಎಣ್ಣೆ ತೇಲುವ ಕೆಂಪು ತರ್ರಿ, ಪಕ್ಕದಲ್ಲಿ ಪಾವ್. ಮಾಮ್ಲೇದಾರ್ ಮಿಸಳ್ ಎಂಬುದು ಅದರ ಹೆಸರು. ಕಚೇರಿಯ ಅಧಿಕಾರಿಯನ್ನು ಮಾಮ್ಲೇದಾರ ಎಂದು ಕರೆಯುವ ರೂಢಿ ಹಿಂದೆ ಸರಿದು ಬಹಳ ಕಾಲವಾಯಿತು. ಆ ಹುದ್ದೆಯ ಹಳೆಯ ಹೆಸರನ್ನು ಇಂದು ಊರಿನ ಬಾಯಲ್ಲಿ ಉಳಿಸಿರುವುದು ಸರ್ಕಾರವಲ್ಲ, ಈ ಮಿಸಳ್.

1946ರಲ್ಲಿ ಇದನ್ನು ಆರಂಭಿಸಿದವರು ನರಸಿಂಹ ಮುರ್ಡೇಶ್ವರ. ಅವರ ನಂತರ ದಶಕಗಳ ಕಾಲ ನಡೆಸಿ, ಅದನ್ನು ಠಾಣೆಯ ಗುರುತಾಗಿ ಮಾಡಿದವರು ಲಕ್ಷ್ಮಣ ಮುರ್ಡೇಶ್ವರ. ಅವರು 2021ರಲ್ಲಿ ತೀರಿಕೊಂಡಾಗ ಮರಾಠಿ ಪತ್ರಿಕೆಗಳು ಠಾಣೆಯ ಒಬ್ಬ ಹಿರಿಯನನ್ನು ಕಳೆದುಕೊಂಡಂತೆ ಬರೆದವು. ಮನೆತನದ ಹೆಸರನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿದರೆ ಸಾಕು; ಭಟ್ಕಳ ತಾಲ್ಲೂಕಿನ ಕಡಲ ದಂಡೆಯ ದೇವಸ್ಥಾನ ಕಣ್ಣ ಮುಂದೆ ಬರುತ್ತದೆ. ಆದರೂ ನಮ್ಮ ಕಡೆಯ ಕನ್ನಡ ಸಭೆಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಈ ಅಂಗಡಿಯ ಪ್ರಸ್ತಾಪವನ್ನು ನಾವು ಕೇಳಿದ್ದು ನೆನಪಿಲ್ಲ.

ಮುಂಬೈ ಕನ್ನಡಿಗರ ಇತಿಹಾಸವನ್ನು ಹೇಳುವ ನಮ್ಮ ಕ್ರಮ ಹೆಚ್ಚುಕಡಿಮೆ ಒಂದೇ. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ಶಾಸನಗಳ ಕನ್ನಡ ಬಿರುದುಗಳಿಂದ ಆರಂಭ. ಕನ್ಹೇರಿಯ ಗುಹೆಯಲ್ಲಿ ಅಮೋಘವರ್ಷನ ಹೆಸರು ಕೆತ್ತಿದೆ ಎಂಬ ಸಂತೋಷ. ಅಲ್ಲಿಂದ ಒಂದೇ ನೆಗೆತಕ್ಕೆ ಕೋಟೆ ಭಾಗದ ರಾತ್ರಿ ಶಾಲೆಗಳು, ಮಾಟುಂಗದ ಉಡುಪಿ ಹೋಟೆಲುಗಳು, ಸಂಘ ಸಂಸ್ಥೆಗಳು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಕಥನದಲ್ಲಿ ಜಾಗ ಸಿಗುವುದು ಕನ್ನಡದ ಫಲಕ ಹೊತ್ತವರಿಗೆ ಮಾತ್ರ. ಫಲಕದಲ್ಲಿ ಬೇರೆಯವರ ತಿನಿಸಿನ ಹೆಸರು ಬರೆಸಿ, ಬೇರೆಯವರ ನಾಲಗೆಗೆ ಬೇಕಾದದ್ದನ್ನು ಅವರಿಗಿಂತ ಚೆನ್ನಾಗಿ ಮಾಡಿ ಬದುಕಿದವರು ಯಾವ ಲೆಕ್ಕಕ್ಕೆ ಸೇರಬೇಕು? ಪರದೇಶದಲ್ಲಿ, ಪರರಾಜ್ಯದಲ್ಲಿ ಬದುಕುವ ನಮ್ಮೆಲ್ಲರನ್ನೂ ಒಂದಲ್ಲ ಒಂದು ದಿನ ತಟ್ಟುವ ಪ್ರಶ್ನೆ ಇದು. ಇದನ್ನು ನೇರವಾಗಿ ಎತ್ತಿಕೊಂಡರೆ ಅಭಿಮಾನ ಅಡ್ಡ ಬರುತ್ತದೆ. ಆದ್ದರಿಂದ ನಮಗೆ ಸಂಬಂಧವಿಲ್ಲದ ಒಂದು ಅಂಗಡಿಯನ್ನು ಮೊದಲು ನೋಡಿ, ಆಮೇಲೆ ಠಾಣೆಗೆ ಮರಳೋಣ. ಆ ಅಂಗಡಿ ಇರುವುದು ಬ್ಯಾಂಕಾಕಿನಲ್ಲಿ. ಅಲ್ಲಿ ಹೆಸರಾದದ್ದೂ ಒಂದೇ ತಿನಿಸು: ಸುಟ್ಟ ಬಾತುಕೋಳಿ.

*

ಬ್ಯಾಂಕಾಕಿನ ಬಾಂಗ್ ರಕ್ ಭಾಗದಲ್ಲಿ ಚರೋಯನ್ ಕ್ರುಂಗ್ ಎಂಬ ರಸ್ತೆಯಿದೆ. ಹಳೆಯ ಕಾಲುವೆಗಳ ಆ ನಗರದಲ್ಲಿ ಗಾಡಿ ಓಡಾಡಲೆಂದು ಹೊಸ ರೀತಿಯಲ್ಲಿ ಕಟ್ಟಿದ ಮೊದಲ ರಸ್ತೆ ಅದು. 1860ರ ದಶಕದ ಆರಂಭದಲ್ಲಿ ಸಯಾಮಿನ ನಾಲ್ಕನೆಯ ರಾಮ ದೊರೆಯ ಕಾಲದಲ್ಲಿ ಆದದ್ದು. 1855ರಲ್ಲಿ ಬ್ರಿಟಿಷರೊಡನೆ ಆದ ಒಪ್ಪಂದದಿಂದ ಸಯಾಮಿನ ವ್ಯಾಪಾರ ತೆರೆದುಕೊಂಡಿತು. ಅಕ್ಕಿ ಗಿರಣಿಗಳಿಗೆ, ಬಂದರಿಗೆ, ಅಂಗಡಿ ಮುಂಗಟ್ಟುಗಳಿಗೆ ದಕ್ಷಿಣ ಚೀನಾದ ಕರಾವಳಿಯಿಂದ ಜನ ಹಡಗು ಹತ್ತಿ ಬಂದರು. ಅವರಲ್ಲಿ ತಿಯೋಚ್ಯೂ ಭಾಷೆಯವರು ಬಹುಸಂಖ್ಯಾತರು. ಕ್ಯಾಂಟನಿನವರು ಕಡಿಮೆ ಸಂಖ್ಯೆಯಲ್ಲಿದ್ದರೂ ಕುಶಲಕರ್ಮಿಗಳೆಂದೂ ಅಡುಗೆಯವರೆಂದೂ ಹೆಸರು ಪಡೆದರು. ಆ ರಸ್ತೆಯ ಮೇಲೆ 1909ರಲ್ಲಿ ತೆರೆದ ಒಂದು ಚೀನೀ ಅಂಗಡಿ ಇಂದಿಗೂ ನಡೆಯುತ್ತಿದೆ. ಅದೇ ಪ್ರಚಕ್ ಪೆಟ್ ಯಾಂಗ್. ಥಾಯ್ ಭಾಷೆಯಲ್ಲಿ ಪೆಟ್ ಎಂದರೆ ಬಾತು, ಯಾಂಗ್ ಎಂದರೆ ಸುಟ್ಟದ್ದು.

ಇದು ಮೇಜುಬಟ್ಟೆ ಹಾಸಿದ ಹೋಟೆಲಲ್ಲ. ಇಂಥ ಬಾತಿನ ಅಂಗಡಿಗಳಲ್ಲಿ ಎದುರಿಗೇ ಗಾಜಿನ ಪೆಟ್ಟಿಗೆ. ಅದರೊಳಗೆ ಕೊಕ್ಕೆಗೆ ಕತ್ತು ಸಿಕ್ಕಿಸಿ ತೂಗುಬಿಟ್ಟ, ಕಂದು ಮೆರುಗಿನ ಬಾತುಗಳು. ಅದರ ಹಿಂದೆ ದಪ್ಪ ಮರದ ಕೊರಡಿನ ಮೇಲೆ ಕತ್ತಿ ಆಡಿಸುವವನು. ಗಿರಾಕಿ ಕುಳಿತ ಕೆಲವೇ ನಿಮಿಷಗಳಲ್ಲಿ ತಟ್ಟೆ ಬರುತ್ತದೆ. ಬಿಳಿ ಅನ್ನ, ಅದರ ಮೇಲೆ ಸಾಲಾಗಿ ಜೋಡಿಸಿದ ಬಾತಿನ ಹೋಳುಗಳು, ಅದರ ಮೇಲೆ ಸುರಿದ ಕಪ್ಪು ರಸ, ಪಕ್ಕದಲ್ಲಿ ಉಪ್ಪಿನಲ್ಲಿ ನೆನೆದ ಶುಂಠಿ. ಇದಕ್ಕೆ ಥಾಯ್ ಜನ ಇಟ್ಟ ಹೆಸರು ಖಾವ್ ನಾ ಪೆಟ್; ಪದಕ್ಕೆ ಪದ ಬಿಡಿಸಿದರೆ ಬಾತಿನ ಮುಖದ ಅನ್ನ. ಬಾತ್ ಎಂದೊಡನೆ ವಾಂಗಿಬಾತನ್ನು ನೆನೆಯುವ ನಮ್ಮಂಥವರಿಗೆ ಇದು ಬೇರೆಯೇ ಬಾತು.

ನೋಡಲು ಸರಳ, ಮಾಡಲು ಅಲ್ಲ. ಕ್ಯಾಂಟನ್ ಪದ್ಧತಿಯಲ್ಲಿ ಬಾತಿನ ಚರ್ಮ ಮಾಂಸಗಳ ನಡುವೆ ಮೊದಲು ಗಾಳಿ ತುಂಬಿ ಅವನ್ನು ಬೇರ್ಪಡಿಸುತ್ತಾರೆ. ಹೊಟ್ಟೆಯೊಳಗೆ ಸೋಯಾ ರಸ, ಶುಂಠಿ, ಐದು ಮಸಾಲೆಯ ಪುಡಿ ತುಂಬಿ ಹೊಲಿಯುತ್ತಾರೆ. ಮೈಮೇಲೆ ಕುದಿವ ನೀರು ಹೊಯ್ದು ಚರ್ಮ ಬಿಗಿಯುವಂತೆ ಮಾಡಿ, ಮಾಲ್ಟ್ ಪಾಕ ಮತ್ತು ವಿನೆಗರಿನ ಲೇಪ ಕೊಟ್ಟು, ಗಾಳಿಗೆ ತೂಗುಬಿಟ್ಟು ಗಂಟೆಗಟ್ಟಲೆ ಒಣಗಿಸುತ್ತಾರೆ. ಆಮೇಲೆ ಭಟ್ಟಿಯಲ್ಲಿ ತೂಗುಬಿಟ್ಟಂತೆಯೇ ಸುಡುವುದು. ಕೊಬ್ಬು ಕರಗಿ ಇಳಿಯುತ್ತದೆ, ಚರ್ಮ ಹಪ್ಪಳವಾಗುತ್ತದೆ, ಹೊಟ್ಟೆಯೊಳಗಿನ ರಸ ಮಾಂಸವನ್ನು ಒಳಗಿನಿಂದ ಬೇಯಿಸುತ್ತದೆ. ಒಣಗಿಸುವಲ್ಲಿ ಅವಸರ ಮಾಡಿದರೆ ಚರ್ಮ ಗರಿಗರಿಯಾಗುವುದಿಲ್ಲ. ಒಂದೇ ತಿನಿಸನ್ನು ಹಿಡಿದು ಕೂತವರಿಗೆ ಮಾತ್ರ ಒಲಿಯುವ ಕೆಲಸ ಇದು. ಐದು ಮಸಾಲೆಯೆಂದರೆ ಚಕ್ರಮೊಗ್ಗು, ಲವಂಗ, ದಾಲ್ಚಿನ್ನಿ, ಸೋಂಪು, ಮತ್ತು ನಾಲಗೆಗೆ ಜುಮ್ಮೆನಿಸುವ ಸಿಚುವಾನ್ ಮೆಣಸು. ಈ ಕೊನೆಯದು ನಮ್ಮ ಕರಾವಳಿಯ ಮೀನು ಸಾರಿಗೆ ಬೀಳುವ ಜುಮ್ಮನಕಾಯಿಯ, ಕೊಂಕಣಿಗರ ತೆಪ್ಪಲಿನ, ಹತ್ತಿರದ ದಾಯಾದಿ. ಎರಡೂ ಒಂದೇ ಸಸ್ಯಕುಲಕ್ಕೆ ಸೇರಿದವು.

ಈಗ ಹೆಸರಿನ ಮಾತು. ಪ್ರಚಕ್ ಎಂಬುದು ಚೀನೀ ಪದವಲ್ಲ, ಥಾಯ್ ಪದ. ಅದರ ಮೂಲ ಸಂಸ್ಕೃತದ ಪ್ರತ್ಯಕ್ಷ. ಚೀನಾದ ಬಾತು, ಅದಕ್ಕೆ ನಮಗೂ ಅರ್ಥವಾಗುವ ಹೆಸರು! ವಿನೋದವಾಗಿ ಕಾಣುವ ಇಂಥ ಹೆಸರುಗಳ ಹಿಂದೆ ಕಠಿಣವಾದ ಕಾಲವಿದೆ. ಅಂಗಡಿ ತೆರೆದ ಮರು ವರ್ಷ, 1910ರಲ್ಲಿ, ಹೊಸ ತಲೆಗಂದಾಯದ ವಿರುದ್ಧ ಬ್ಯಾಂಕಾಕಿನ ಚೀನೀ ವರ್ತಕರು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ನಗರದ ವ್ಯವಹಾರ ಸ್ತಬ್ಧವಾಯಿತು. ಆಳುವವರಿಗೆ ಇದು ಮರೆಯದ ಪಾಠವಾಯಿತು. 1914ರಲ್ಲಿ ಆರನೆಯ ರಾಮ ದೊರೆಯೇ ಗುಪ್ತನಾಮದಿಂದ ಲೇಖನ ಬರೆದು, ಚೀನೀಯರನ್ನು ಪೂರ್ವದ ಯಹೂದಿಗಳೆಂದು ಕರೆದು, ಅವರ ನಿಷ್ಠೆಯನ್ನು ಪ್ರಶ್ನಿಸಿದ. 1939ರಲ್ಲಿ ಸಯಾಂ ಥಾಯ್ಲೆಂಡ್ ಆಯಿತು. ಫಿಬುನ್ ಸಂಗ್ರಾಮನ ಆಡಳಿತದಲ್ಲಿ ಚೀನೀ ಶಾಲೆಗಳು ಮುಚ್ಚಿದವು. ಎಷ್ಟೋ ಕಸುಬುಗಳು ಥಾಯ್ ಪ್ರಜೆಗಳಿಗೆ ಮಾತ್ರ ಮೀಸಲಾದವು. ಆ ದಶಕಗಳಲ್ಲಿ ಅಸಂಖ್ಯ ಚೀನೀ ಕುಟುಂಬಗಳು ಥಾಯ್ ಹೆಸರುಗಳನ್ನು ಹೊದ್ದುಕೊಂಡವು.

ಬಾತು ಮಾತ್ರ ಬದಲಾಗಲಿಲ್ಲ. ಬದಲಾಗುವ ಬದಲು ಅದು ಆ ನೆಲದ ಅಡುಗೆಯೊಳಗೆ ನಡೆದುಬಿಟ್ಟಿತು. ಥಾಯ್ ಮನೆಗಳಲ್ಲಿ ಕಾಯಿಹಾಲಿನ ಕೆಂಪು ಸಾರಿಗೆ ಚೀನೀ ಅಂಗಡಿಯಿಂದ ತಂದ ಸುಟ್ಟ ಬಾತನ್ನು ಹಾಕಿ, ಅನಾನಸು, ದ್ರಾಕ್ಷಿ, ಪುಟ್ಟ ಟೊಮೆಟೊ ಸೇರಿಸುವ ಒಂದು ಪದಾರ್ಥ ಹುಟ್ಟಿತು: ಕೇಂಗ್ ಫೆಟ್ ಪೆಟ್ ಯಾಂಗ್. ಇಂದು ಜಗತ್ತಿನ ಯಾವ ಥಾಯ್ ಹೋಟೆಲಿನಲ್ಲಿ ಅದನ್ನು ಕಂಡರೂ ಜನ ಅದನ್ನು ಥಾಯ್ ತಿನಿಸು ಎನ್ನುತ್ತಾರೆಯೇ ಹೊರತು ಚೀನೀ ವಲಸಿಗನದೆನ್ನುವುದಿಲ್ಲ. ಬ್ಯಾಂಕಾಕಿನ ಕಥೆಯ ಸಾರ ಇಷ್ಟು: ಅಲ್ಲಿ ತಿನಿಸು ಉಳಿಯಿತು, ಹೆಸರು ಹೋಯಿತು.

*

ಠಾಣೆಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಇಲ್ಲಿ ಹೆಸರು ಉಳಿಯಿತು, ತಿನಿಸು ಬದಲಾಯಿತು. ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಭೂಪಟವನ್ನು ಒಮ್ಮೆ 1946ಕ್ಕೆ ಹಿಂತಿರುಗಿಸಬೇಕು.

ಇಂದು ನಾವು ಮುಂಬೈಗೆ ಬಂದ ಉತ್ತರ ಕನ್ನಡಿಗನನ್ನು ಹೊರರಾಜ್ಯದವನೆಂದು ಸಹಜವಾಗಿ ಹೇಳುತ್ತೇವೆ. ಅಂದು ಆ ಮಾತಿಗೆ ಅರ್ಥವಿರಲಿಲ್ಲ. ಮದರಾಸು ಪ್ರಾಂತಕ್ಕೆ ಸೇರಿದ್ದ ಕೆನರಾ ಜಿಲ್ಲೆಯನ್ನು ಬ್ರಿಟಿಷರು 1860ರ ಸುಮಾರಿಗೆ ಇಬ್ಭಾಗ ಮಾಡಿದರು. ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಉತ್ತರ ಭಾಗ 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ ಅದು ಅಲ್ಲಿಯೇ ಇತ್ತು. ಹೀಗಾಗಿ ಉಡುಪಿಯಿಂದ ಬಂದವನು ಮುಂಬೈಯಲ್ಲಿ ಬೇರೆ ಪ್ರಾಂತದವನು. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಭಟ್ಕಳದಿಂದ ಬಂದವನು ತನ್ನದೇ ಪ್ರಾಂತದ ರಾಜಧಾನಿಗೆ ಬಂದವನು. ಠಾಣೆಗೂ ಭಟ್ಕಳಕ್ಕೂ ಒಂದೇ ಸರ್ಕಾರ, ಒಂದೇ ಕಂದಾಯ ಪದ್ಧತಿ. ತಾಲ್ಲೂಕಿನ ಅಧಿಕಾರಿಗೆ ಎರಡೂ ಕಡೆ ಒಂದೇ ಹೆಸರು, ಮಾಮ್ಲೇದಾರ. ಇಂದು ಅಚ್ಚ ಮರಾಠಿ ಪದದಂತೆ ಕೇಳುವ ಆ ಹೆಸರು ಉತ್ತರ ಕನ್ನಡದವರಿಗೂ ಮನೆಯ ಪದವೇ ಆಗಿತ್ತು. ಅದರ ಮೂಲ ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ; ಅರಬ್ಬಿ, ಫಾರಸಿಗಳಿಂದ ಇಬ್ಬರಿಗೂ ಸಮನಾಗಿ ಬಂದದ್ದು.

ಆ ಜಿಲ್ಲೆಯಿಂದ ಮುಂಬೈಗೆ ಬಂದವರ ದಾರಿಯೂ ಹಳೆಯದು. ಕೊಂಕಣ ರೈಲು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ಆಗುಬೋಟುಗಳು, ಆಮೇಲೆ ಘಟ್ಟ ಹತ್ತಿ ಹೋಗುವ ಬಸ್ಸುಗಳು. ಶಿರಾಲಿ, ಕುಮಟಾ, ಗೋಕರ್ಣ, ಮಾವಿನಕುರ್ವೆ, ಮುರ್ಡೇಶ್ವರ ಎಂದು ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಕುಟುಂಬಗಳು ಮುಂಬೈಯ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ ನೆಲೆಗೊಂಡವು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಇಂಗ್ಲಿಷು ಎಂಬ ಬದುಕು ಇಂಥ ಎಷ್ಟೋ ಮನೆಗಳದು. ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ 1977ರಲ್ಲಿ ಚಿತ್ರಾಪುರ ಸಾರಸ್ವತರ ಇತಿಹಾಸದ ಬಗ್ಗೆ ಗ್ರಂಥ ಪ್ರಕಟಿಸಿದ. ಅದೇ ವಿದ್ವಾಂಸ ಮುಂದೆ ಮುಂಬೈಯ ಜನ ಮನೆಯ ಹೊರಗೆ ಊಟ ಮಾಡಲು ಕಲಿತ ಇತಿಹಾಸವನ್ನೂ ಬರೆದ. ಕೆನರಾದಿಂದ ಬಂದವರನ್ನು ಅರಿಯಹೊರಟವನು ಮುಂಬೈಯ ಹೋಟೆಲಿನ ಬಾಗಿಲಿಗೆ ತಲುಪಿದ್ದು ನಮಗೆ ಆಕಸ್ಮಿಕವೆನಿಸುವುದಿಲ್ಲ.

ಕಚೇರಿಯ ಕ್ಯಾಂಟೀನು ಹೇಗೆ ನಡೆಯುತ್ತದೆಂಬುದು ಸರ್ಕಾರಿ ನೌಕರಿಯಲ್ಲಿರುವ ನಮಗೆ ಗೊತ್ತಿರುವ ವಿಷಯ. ಅಲ್ಲಿಗೆ ಬರುವವರು ರುಚಿ ಹುಡುಕಿಕೊಂಡು ಬಂದವರಲ್ಲ. ಪಹಣಿ, ದಾಖಲೆ, ಸಹಿ, ಮೊಹರು ಎಂದು ಹಳ್ಳಿಯಿಂದ ಬೆಳಗ್ಗೆಯೇ ಹೊರಟು, ಸಾಹೇಬರು ಬರುವವರೆಗೆ ಕಾಯುವವರು. ಅವರಿಗೆ ಬೇಕಾದದ್ದು ಅಗ್ಗವಾದ, ಬೇಗ ಸಿಗುವ, ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿಯುವ ತಿನಿಸು. ಮಿಸಳ್ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಾಳನ್ನು ಮುಂಚೆಯೇ ಬೇಯಿಸಿಡಬಹುದು, ಫರಸಾಣ ಕೆಡುವುದಿಲ್ಲ, ತರ್ರಿ ಒಲೆಯ ಮೇಲೆ ಕುದಿಯುತ್ತಲೇ ಇರಬಹುದು, ಗಿರಾಕಿ ಬಂದಾಗ ಆಗಬೇಕಾದದ್ದು ಬಟ್ಟಲಿನಲ್ಲಿ ಒಂದರ ಮೇಲೊಂದು ಹಾಕುವುದಷ್ಟೆ. ಬಾತಿನ ಅಂಗಡಿಯ ಲೆಕ್ಕಾಚಾರವೂ ಇದೇ ಅಲ್ಲವೇ? ಶ್ರಮವೆಲ್ಲ ಹಿಂದಿನ ರಾತ್ರಿಯದು, ಗಿರಾಕಿಯ ಎದುರಿನ ಕೆಲಸ ನಿಮಿಷದ್ದು. ಒಂದೇ ತಿನಿಸಿನ ಅಂಗಡಿಗಳೆಲ್ಲದರ ಗುಟ್ಟು ಇಲ್ಲಿದೆ. ಬಂಡವಾಳ ಕಡಿಮೆ, ಜಾಗ ಕಡಿಮೆ, ಕೈಯಾಳು ಕಡಿಮೆ; ಇರುವುದನ್ನೆಲ್ಲ ಒಂದೇ ಪಾತ್ರೆಗೆ ಸುರಿದವನು ವಲಸಿಗ.

ಮಿಸಳ್ ಎಂಬ ಪದದ ಅರ್ಥವೇ ಮಿಶ್ರಣ. ಅದರ ತಳದಲ್ಲಿರುವ ಉಸಳ್ ನಮ್ಮವರಿಗೆ ಹೊಸದಲ್ಲ. ಕರಾವಳಿಯ ಮನೆಗಳಲ್ಲಿ ಅದು ಉಸ್ಲಿ. ಬೆಂದ ಕಡಲೆಯನ್ನು ಒಗ್ಗರಣೆಯ ಅವಲಕ್ಕಿಯೊಡನೆ ಕೊಡುವ ಕಡ್ಲೆ ಬಜಿಲು ಮಂಗಳೂರಿನ ಹಳೆಯ ಹೋಟೆಲುಗಳ ಬೆಳಗಿನ ತಿಂಡಿ. ಮೆತ್ತಗಿನ ಕಾಳು, ಒಣಗಿದ ಜೊತೆ, ಮೇಲೆ ಖಾರ: ಆ ಕ್ರಮ ಒಂದೇ. ಹಾಗೆಂದು ಮಿಸಳ್ ನಮ್ಮದೆಂದು ನಾವು ಹೇಳಹೊರಟಿಲ್ಲ. ಅದು ಮರಾಠಿಗರದು, ಪುಣೆ, ನಾಸಿಕ, ಕೊಲ್ಹಾಪುರಗಳು ಅದಕ್ಕಾಗಿ ಜಗಳಾಡುತ್ತವೆ. ನಮಗೆ ಬೇಕಾದದ್ದು ಇಷ್ಟೇ: ಕರಾವಳಿಯ ಹೆಸರು ಹೊತ್ತ ಮನೆತನವೊಂದು ಆ ಜಗಳದಲ್ಲಿ ಠಾಣೆಗೂ ಒಂದು ಪಾಲು ತಂದುಕೊಟ್ಟಿತು. ಖಾರ ಎಷ್ಟಿರಬೇಕೆಂದು ಗಿರಾಕಿಯನ್ನು ಕೇಳುವ ಆ ಅಂಗಡಿಯಲ್ಲಿ, ಖಾರದ ವಿಷಯದಲ್ಲಿ ಯಾರೂ ಅದನ್ನು ಹೊರಗಿನದೆನ್ನಲಾರರು.

*

ಇದೇ ಕಾಲದಲ್ಲಿ ನಗರದೊಳಗೆ ಮೂರನೆಯ ದಾರಿಯೊಂದು ತೆರೆದುಕೊಂಡಿತ್ತು: ಹೆಸರನ್ನೂ ಉಳಿಸಿ, ತಿನಿಸನ್ನೂ ಉಳಿಸುವ ದಾರಿ. ಎ. ರಾಮ ನಾಯಕರು 1942ರಲ್ಲಿ ಮಾಟುಂಗ ನಿಲ್ದಾಣದ ಎದುರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಎಲೆ, ಅನ್ನ, ಸಾರು, ಪಲ್ಯ. ಫಲಕದ ಮೇಲೆ ಊರು ಮತ್ತು ದೇವರು. ಅಂಥ ನೂರಾರು ಹೋಟೆಲುಗಳು ಮುಂಬೈಯಲ್ಲಿ ಉಡುಪಿ ಎಂಬ ಊರಿನ ಹೆಸರನ್ನೇ ಒಂದು ಅಡುಗೆಯ ಹೆಸರಾಗಿ ಮಾಡಿದವು. ಹಗಲು ಮೇಜು ಒರೆಸಿದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋದ ಕಥೆಯನ್ನು ನಾವು ಎಷ್ಟು ಸಲ ಕೇಳಿದರೂ ಕಡಿಮೆಯೇ.

ಆದರೆ ಫಲಕಕ್ಕೆ ಬೆಲೆಯೂ ಇತ್ತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ದಕ್ಷಿಣದವರು ಮರಾಠಿಗರ ಕೆಲಸ ಕಸಿಯುತ್ತಿದ್ದಾರೆಂಬುದು ಅದರ ಮೊದಲ ವರ್ಷಗಳ ಕೂಗು. ಆ ಕೋಪ ಸುಲಭವಾಗಿ ತಿರುಗಿದ್ದು ಕಣ್ಣಿಗೆ ಕಾಣುವ ಉಡುಪಿ ಹೋಟೆಲುಗಳ ಮೇಲೆ. ಗಾಜು ಒಡೆಯಿತು, ಫಲಕ ಉರುಳಿತು. ಆ ಪಕ್ಷಕ್ಕೆ ಮೊದಲ ದೊಡ್ಡ ಚುನಾವಣಾ ಗೆಲುವು ಕೊಟ್ಟ ಊರು ಇದೇ ಠಾಣೆ. 1967ರ ನಗರಸಭೆ ಚುನಾವಣೆಯಲ್ಲಿ. ಮರಾಠಿ ಅಭಿಮಾನದ ಆ ಊರಿನ ನಡುಮಧ್ಯದಲ್ಲಿ, ಸರ್ಕಾರಿ ಕಚೇರಿಯ ಗೋಡೆಯ ಪಕ್ಕ, ಮರಾಠಿಗರ ಮೆಚ್ಚಿನ ಮಿಸಳನ್ನು ಬಡಿಸುತ್ತಿದ್ದದ್ದು ಮುರ್ಡೇಶ್ವರ ಎಂಬ ಹೆಸರಿನ ಅಂಗಡಿ.

ಇಲ್ಲಿ ಎರಡು ತೀರ್ಪುಗಳು ಸುಲಭವಾಗಿ ಬಾಯಿಗೆ ಬರುತ್ತವೆ. ಉಡುಪಿಯವರು ಧೀರರು, ಮಿಸಳಿನವರು ಶರಣಾದವರು ಎಂಬುದು ಒಂದು. ಮಿಸಳಿನವರು ಜಾಣರು, ಉಡುಪಿಯವರು ಹಟಮಾರಿಗಳು ಎಂಬುದು ಇನ್ನೊಂದು. ಎರಡೂ ಇತಿಹಾಸಕ್ಕೆ ನಿಲ್ಲುವುದಿಲ್ಲ. ಮಿಸಳಿನ ಅಂಗಡಿ ತೆರೆದಾಗ ಶರಣಾಗಲು ಎದುರಾಳಿಯೇ ಇರಲಿಲ್ಲ. ಮಹಾರಾಷ್ಟ್ರವೆಂಬ ರಾಜ್ಯಕ್ಕೂ ಅದು 14 ವರ್ಷ ಹಿರಿಯದು. ಅಂಗಡಿ ಕದಲಲಿಲ್ಲ; ಗಡಿ ಅದರ ಸುತ್ತ ಬಂದು ನಿಂತಿತು. ಇತ್ತ ಉಡುಪಿಯವರಿಗೂ ಫಲಕವೆಂಬುದು ಮೊದಲಿಗೆ ಧ್ವಜವಾಗಿರಲಿಲ್ಲ. ಶುದ್ಧ ಸಸ್ಯಾಹಾರ ಸಿಗುತ್ತದೆಂಬ ಭರವಸೆಯ ಗುರುತಾಗಿತ್ತು. ಅದನ್ನು ಧ್ವಜವಾಗಿ ಮಾಡಿದ್ದು ಕಲ್ಲು ತೂರಿದವರು, ಆಮೇಲೆ ಭಾಷಣ ಮಾಡಿದ ನಾವು.

*

ನಾವು ಹೊರಗಿನಿಂದ ಬಂದು ಹೆಸರಿನ ಚಿಂತೆ ಮಾಡುತ್ತಿರುವಾಗ, ನಮ್ಮಿಂದಾಗಿ ಹೆಸರು ಬದಲಿಸಿಕೊಂಡವರೂ ಇದ್ದಾರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಠಾಣೆ, ವಸಯಿ, ಸಾಷ್ಟಿ ಭಾಗದ ಮೂಲನಿವಾಸಿ ಕ್ಯಾಥೊಲಿಕರು ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದವರು. ಮರಾಠಿಯ ಒಂದು ಪ್ರಭೇದವನ್ನು ಆಡುವವರು. 19ನೆಯ ಶತಮಾನದಲ್ಲಿ ಗೋವೆಯಿಂದ, ಮಂಗಳೂರಿನಿಂದ ಕ್ರೈಸ್ತರು ನೌಕರಿ ಅರಸಿ ಮುಂಬೈಗೆ ಬಂದಾಗ, ಅವರಿಂದ ತಾವು ಬೇರೆಯೆಂದು ತೋರಿಸಿಕೊಳ್ಳಲು ಈ ಜನ 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ವರ್ಷ, ಈಸ್ಟ್ ಇಂಡಿಯನ್ ಎಂಬ ಹೆಸರನ್ನು ಇಟ್ಟುಕೊಂಡರು. ಮನೆಯವರೇ ಮನೆಗೆ ಹೊಸ ಹೆಸರು ಹುಡುಕಬೇಕಾಯಿತು. ಬಂದ ಅತಿಥಿಗಳಲ್ಲಿ ನಮ್ಮ ಕರಾವಳಿಯವರೂ ಇದ್ದರು.

ಬಾತುಕೋಳಿಯನ್ನು ಹುಡುಕುವವರು ಬ್ಯಾಂಕಾಕಿಗೆ ಹೋಗಬೇಕಾಗಿಲ್ಲವೆಂಬುದೂ ಈ ಮನೆಗಳಲ್ಲಿಯೇ ತಿಳಿಯುತ್ತದೆ. ಹುರಿದು ಕುಟ್ಟಿ ಕಪ್ಪು ಬಾಟಲಿಗಳಲ್ಲಿ ವರ್ಷಕ್ಕಾಗುವಷ್ಟು ತುಂಬಿಡುವ ಬಾಟಲ್ ಮಸಾಲೆ ಅವರ ಅಡುಗೆಯ ಆಧಾರ. ಕ್ರಿಸ್ಮಸ್ಸಿಗೆ, ಮದುವೆಗೆ ಅವರು ಮಾಡುವ ಬಾತಿನ ಮೊಯ್ಲಿ ಹೆಸರುವಾಸಿ. ಸುಟ್ಟ ಬಾತನ್ನು ಥಾಯ್ ಹೋಟೆಲಿನ ವಿಶೇಷವೆಂದು ಇಂದು ಕೌತುಕದಿಂದ ನೋಡುವ ಠಾಣೆಗೆ, ತನ್ನ ಹಳೆಯ ಊರುಗಳ ಹಬ್ಬದ ಬಾತು ನೆನಪಿದೆಯೇ?

*

ಇನ್ನು ನಾಲ್ಕನೆಯ ದಾರಿ. ಇದು ನಮ್ಮ ಕಾಲದ್ದು. ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ನಾವು ದಿನವೂ ಕಾಣುವುದು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆ ಹೊಸ ನಗರ ಏಳತೊಡಗಿತು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಜಮೀನು ಒಕ್ಕಲಿಗೆ ಸೇರಿದಾಗ, ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಮಕ್ಕಳು ಮುಂಬೈಯ ಹೋಟೆಲು ಉದ್ಯಮದ ಕಡೆ ಮುಖ ಮಾಡಿದರು. ನಗರದೊಳಗೆ ಜಾಗ ದುಬಾರಿ. ಹೊಸಬರು ರೈಲು ಹಳಿಯ ಗುಂಟ ಹೊರಗೆ ಹೊರಗೆ ಬಂದರು. ಅವರು ತೆರೆದದ್ದು ಫ್ಯಾಮಿಲಿ ರೆಸ್ಟೋರೆಂಟು. ಅದರ ಪಟ್ಟಿಯಲ್ಲಿ ಒಂದು ಪುಟ ದಕ್ಷಿಣದ್ದು, ಒಂದು ಪುಟ ಪಂಜಾಬಿ, ಒಂದು ಪುಟ ಚೈನೀಸ್. ಈಚೆಗೆ ಒಂದೆರಡು ಸಾಲು ಥಾಯ್ ಕರಿ. ಆ ಚೈನೀಸ್ ಚೀನಾದ್ದಲ್ಲವೆಂಬುದು ಎಲ್ಲರಿಗೂ ಗೊತ್ತು. ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿಯನ್ ಹುಟ್ಟಿಸಿದನೆಂಬುದು ಪ್ರಸಿದ್ಧ ಕಥೆ. ಒಬ್ಬ ವಲಸಿಗ ಕಟ್ಟಿದ ರುಚಿಯನ್ನು ಇನ್ನೊಬ್ಬ ವಲಸಿಗ ಡೊಂಬಿವಲಿಯ ಮೂರನೆಯವನಿಗೆ ಬಡಿಸುತ್ತಾನೆ. ಥಾಯ್ ಊಟದ ಕಥೆಯೂ ಹೀಗೆಯೇ ಹೆಣೆದುಕೊಂಡಿದೆ. ಮುಂಬೈಗೆ ಅದರ ಪರಿಚಯ ಮಾಡಿಸಿದ್ದರಲ್ಲಿ 1993ರಲ್ಲಿ ಕಫ್ ಪರೇಡಿನ ಪ್ರೆಸಿಡೆಂಟ್ ಹೋಟೆಲಿನಲ್ಲಿ ತೆರೆದ ಥಾಯ್ ಪೆವಿಲಿಯನ್ ಮುಖ್ಯವಾದದ್ದು. ಅದನ್ನು ಕಟ್ಟಿದ ಬಾಣಸಿಗ ಆನಂದ ಸಾಲೊಮನ್ನರೇ ಅದೇ ಸೂರಿನಡಿ ಕೊಂಕಣ್ ಕೆಫೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಅಡುಗೆಯನ್ನೂ ನಡೆಸಿದರು. ಕಾಯಿಹಾಲು ಬಲ್ಲ ಕೈಗೆ ಎರಡು ತೀರಗಳು ದೂರವಾಗಲಿಲ್ಲ.

ಈ ಉಪನಗರದ ಹೋಟೆಲುಗಳಲ್ಲಿ ಊರಿನ ಹೆಸರೂ ಇಲ್ಲ, ಊರಿನ ತಿನಿಸೂ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಕಟೀಲಿನ ದೇವಿಯೋ ಧರ್ಮಸ್ಥಳದ ಮಂಜುನಾಥನೋ ಇರುತ್ತಾರೆ, ಅಡುಗೆಮನೆಯ ಕಿಂಡಿಯಲ್ಲಿ ಕ್ಷಣಕಾಲ ತುಳು ಕೇಳಿಸುತ್ತದೆ, ಅಷ್ಟೇ. ಆದರೆ ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆ ಕಾಲೇಜು ಕಟ್ಟಿದೆ. ವಾಶಿಯಲ್ಲಿ, ಠಾಣೆಯಲ್ಲಿ ನಮ್ಮ ಸಂಘಗಳು ನಡೆಯುತ್ತಿವೆ. ಇಂಥ ಸಂಸ್ಥೆಗಳಿಗೆ ಕೈ ನೀಡಿದವರಲ್ಲಿ ಪನೀರು, ಮಂಚೂರಿಯನ್ನು ಮಾರಿದವರು ಎಷ್ಟು ಜನವೆಂದು ಲೆಕ್ಕ ಹಾಕಿದರೆ, ಫಲಕ ನೋಡಿ ಕನ್ನಡತನ ಅಳೆಯುವ ನಮ್ಮ ಕೋಲು ನಮ್ಮ ಕೈಯಲ್ಲೇ ಮುರಿಯುತ್ತದೆ.

ಹಾಗಾದರೆ ಫಲಕ ಬೇಡವೇ, ಹೆಸರು ಬೇಡವೇ? ಬೇಕು. ಪ್ರಚಕ್ ಅಂಗಡಿಯ ಕಥೆ ನಮಗೆ ಕಲಿಸುವುದು ಅದನ್ನೇ. ತಿನಿಸು ನೂರು ವರ್ಷ ದಾಟಿ ಉಳಿದರೂ, ಅದನ್ನು ತಂದವನ ಹೆಸರನ್ನು ಬರೆದಿಡದಿದ್ದರೆ ಅದು ಎಲ್ಲರದಾಗುತ್ತದೆ. ತಂದವನು ಯಾರೂ ಅಲ್ಲದವನಾಗುತ್ತಾನೆ. ಮಾಮ್ಲೇದಾರ್ ಮಿಸಳಿನ ವಿಷಯದಲ್ಲಿ ಠಾಣೆಯ ಮರಾಠಿಗರು ಮುರ್ಡೇಶ್ವರರ ಹೆಸರನ್ನು ಉಳಿಸಿಕೊಂಡಿದ್ದಾರೆ. ಮರೆತವರು ನಾವು. ಅವರನ್ನು ಈಗ ನಮ್ಮವರೆಂದು ಹಕ್ಕು ಸಾಧಿಸಲು ಹೊರಡುವುದೂ ತಪ್ಪೇ, ಅವರು ಠಾಣೆಯವರು. ಠಾಣೆಯವರಾಗಲು ಕರಾವಳಿಯ ಹೆಸರನ್ನು ಬಿಡಬೇಕಾಗಲಿಲ್ಲ ಎಂಬುದನ್ನು ಗುರುತಿಸಿದರೆ ಸಾಕು. ಇಲ್ಲೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹೇಳಲು ಅದಕ್ಕಿಂತ ಧೈರ್ಯದ ಉದಾಹರಣೆ ನಮ್ಮ ಬಳಿ ಹೆಚ್ಚಿಲ್ಲ.

ಆದ್ದರಿಂದ ಬಳಗದ ಓದುಗರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ತಂದೆಯೋ ಮಾವನೋ ದೊಡ್ಡಪ್ಪನೋ ಈ ಭಾಗದ ಯಾವುದಾದರೂ ಹೋಟೆಲಿನಲ್ಲಿ ದುಡಿದಿದ್ದರೆ, ನಡೆಸಿದ್ದರೆ, ಅದರ ಹೆಸರು, ರಸ್ತೆ, ತೆರೆದ ವರ್ಷ, ಅಲ್ಲಿ ಹೆಚ್ಚು ಖರ್ಚಾಗುತ್ತಿದ್ದ ತಿನಿಸು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಉಡುಪಿಯೆಂದು ಫಲಕವಿದ್ದರೂ ಸರಿ, ಚೈನೀಸ್ ಎಂದಿದ್ದರೂ ಸರಿ. ಹಳೆಯ ಪರವಾನಗಿ, ಒಂದು ರಸೀತಿ, ಮಾಸಿದ ತಿಂಡಿ ಪಟ್ಟಿ ಸಿಕ್ಕರೆ ಬಿಸಾಡಬೇಡಿ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ತೀರ್ಮಾನವಾಗುವುದನ್ನು ಕಚೇರಿಯಲ್ಲಿ ಕೂತು ನಾವು ಎಷ್ಟೋ ಸಲ ನೋಡಿದ್ದೇವೆ.